ಪುಂಗಿ: ಬುರುಡೆ, ನಾಲಿಗೆ, ಕೆನ್ನೆ

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಿರಿಯರಿಗೆ ಪುಂಗಿಯ ಪರಿಚಯ ಹೇಳಬೇಕಿಲ್ಲ. ಸಂತೆಯಲ್ಲಿ, ಜಾತ್ರೆಯಲ್ಲಿ, ನಾಗರಪಂಚಮಿಯ ಆಸುಪಾಸಿನಲ್ಲಿ ಹಾವಾಡಿಗರು ಅದನ್ನು ಊದುವುದನ್ನು ಕೇಳಿದವರೇ ಎಲ್ಲರೂ. ಆದರೆ ಸುತ್ತ ನೆರೆದವರ ಕಣ್ಣೆಲ್ಲ ಬುಟ್ಟಿಯ ಮೇಲೆ. ವಾದ್ಯವನ್ನು ನೋಡಿದವರು ಕಡಿಮೆ. ಹಾವಿನ ಮಾತನ್ನು ಇಲ್ಲೇ ಮುಗಿಸಿಬಿಡೋಣ: ನಾಗರಹಾವು ತೂಗುವುದು ರಾಗಕ್ಕೆ ಮನಸೋತು ಅಲ್ಲ, ಎದುರಿಗೆ ಅಲುಗಾಡುವ ಪುಂಗಿಯ ಮೇಲೆ ಕಣ್ಣಿಟ್ಟು.

ಪುಂಗಿಯ ಭಾಗಗಳು ಕೆಲವೇ. ಒಣಗಿಸಿ ತಿರುಳು ತೆಗೆದ ಸೋರೆ ಬುರುಡೆ ಒಂದು. ಅದರ ಸಪೂರ ಕೊರಳು ಬಾಯಿಗೆ ಬರುತ್ತದೆ. ಇನ್ನೊಂದು ತುದಿಯಲ್ಲಿ ಎರಡು ಬಿದಿರು ಕೊಳವೆಗಳನ್ನು ಜೋಡಿಯಾಗಿ ಸೇರಿಸಿ, ಗಾಳಿ ಸೋರದಂತೆ ಜೇನುಮೇಣ ಮೆತ್ತಿರುತ್ತಾರೆ. ಬೆರಳಿಡುವ ತೂತುಗಳಿರುವ ಕೊಳವೆ ಸ್ವರಕ್ಕೆ, ಇನ್ನೊಂದು ಶ್ರುತಿಗೆ. ಬುರುಡೆಯ ಒಳಗೆ ಅಡಗಿರುವ ತುದಿಗಳಲ್ಲಿ ಒಂದೊಂದು ನಾಲಿಗೆ: ಕೊಳವೆಯ ಗೋಡೆಯನ್ನೇ ಮೂರು ಬದಿ ಸೀಳಿ, ಒಂದು ಬದಿ ಅಂಟಿಕೊಂಡಿರುವಂತೆ ಬಿಟ್ಟ ತೆಳು ಪಟ್ಟಿ. ಒಳಗಿನ ಗಾಳಿ ಒತ್ತಿದಾಗ ಈ ಪಟ್ಟಿ ಮುಚ್ಚಿ ತೆರೆದು, ತೆರೆದು ಮುಚ್ಚಿ ನಡುಗುತ್ತದೆ. ನಾದ ಹುಟ್ಟುವುದು ಅಲ್ಲಿ. ಬುರುಡೆ ಹಾಡುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಆದರೆ ನಾಲಿಗೆ ಕಿತ್ತ ಪುಂಗಿಯನ್ನು ಎಷ್ಟು ಊದಿದರೂ ಬರುವುದು ಬರೀ ಗಾಳಿ.

ಜನವರಿ 26ರ ದಿಲ್ಲಿ ಪರೇಡಿನಲ್ಲಿ ಸೈನಿಕರು ಕಂಕುಳಲ್ಲಿ ಚೀಲ ಅವುಚಿಕೊಂಡು ಊದುವ ಬ್ಯಾಗ್‌ಪೈಪ್ ಇದರ ದೂರದ ಬಂಧು. ಸ್ಕಾಟ್ಲೆಂಡಿನ ಆ ವಾದ್ಯಕ್ಕೆ ಹೆಗಲ ಮೇಲೆ ಮೂರು ಶ್ರುತಿಕೊಳವೆಗಳು, ಬೆರಳಾಡಿಸಲು ಒಂಬತ್ತು ಸ್ವರದ ಒಂದು ಕೊಳವೆ, ಊದಲು ಇನ್ನೊಂದು. ಊದುವ ಕೊಳವೆಯಲ್ಲಿರುವ ಪುಟ್ಟ ಕವಾಟ ಒಳಗೆ ಹೋದ ಗಾಳಿಯನ್ನು ಹಿಂದಕ್ಕೆ ಬಿಡುವುದಿಲ್ಲ. ನಮ್ಮ ದೇಶದಲ್ಲೇ ಗಢವಾಲ, ಕುಮಾವೂಂ ಕಡೆಯ ಮದುವೆಗಳಲ್ಲಿ ಮಶಕ್ ಬೀನ್ ಹೆಸರಿನಲ್ಲಿ ಇಂಥದೇ ವಾದ್ಯ ನುಡಿಯುತ್ತದೆ.

ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಅಲ್ಲಿ ಚೀಲ, ಇಲ್ಲಿ ಬುರುಡೆ. ಎರಡರ ಕೆಲಸವೂ ಒಂದೇ ಎಂದುಕೊಳ್ಳುತ್ತಾರೆ. ಒಂದೇ ಅಲ್ಲ. ಚೀಲದ ಕೆಲಸವನ್ನು ನಮ್ಮೂರಿನ ನೀರಿನ ಟ್ಯಾಂಕಿನಿಂದ ತಿಳಿಯಬಹುದು: ಮೋಟರು ಆಗಾಗ ನಿಂತರೂ ನಲ್ಲಿಯ ಧಾರೆ ನಿಲ್ಲುವುದಿಲ್ಲ. ವಾದಕ ಉಸಿರು ಎಳೆದುಕೊಳ್ಳುವ ಹೊತ್ತಿಗೆ ಅವನ ತೋಳು ಚೀಲವನ್ನು ಅಮುಕಿ ಅದೇ ಒತ್ತಡ ಕೊಡುತ್ತದೆ. ಒತ್ತಡ ಸ್ವಲ್ಪ ಏರುಪೇರಾದರೂ ಸ್ವರ ಕದಲಿ ಶ್ರುತಿ ತಪ್ಪುವುದರಿಂದ, ತೋಳು ಮತ್ತು ಬಾಯಿ ಒಂದಕ್ಕೊಂದು ಹೊಂದಿಕೊಳ್ಳಲು ವರ್ಷಗಳ ಸಾಧನೆ ಬೇಕು.

ಸೋರೆ ಬುರುಡೆಯನ್ನು ಅಮುಕಲು ಬರುವುದಿಲ್ಲ, ಅದು ಗಟ್ಟಿ. ಹಾಗಾದರೆ ಪುಂಗಿಯ ನಾದ ಮುರಿಯದೆ ಬರುವುದು ಹೇಗೆ? ಪುಂಗಿಯ ಚೀಲ ಇರುವುದು ವಾದಕನ ಮುಖದಲ್ಲಿ! ಅವನ ಕೆನ್ನೆಗಳೇ ಆ ಚೀಲ. ಊದುತ್ತ ಊದುತ್ತ ಕೆನ್ನೆ ತುಂಬಿಕೊಳ್ಳುತ್ತಾನೆ. ಎದೆಯ ಗಾಳಿ ತೀರುವ ಮುಂಚೆ ಗಂಟಲಿನ ದಾರಿ ಮುಚ್ಚಿ, ಕೆನ್ನೆಯ ಗಾಳಿಯನ್ನು ಕೆನ್ನೆಯಿಂದಲೇ ಒತ್ತಿ ಹೊರಗೆ ಕಳಿಸುತ್ತ, ಅದೇ ಗಳಿಗೆಯಲ್ಲಿ ಮೂಗಿನಿಂದ ಉಸಿರು ಎಳೆದುಕೊಳ್ಳುತ್ತಾನೆ. ಒಳಗೆ ಹೋಗುವ ಉಸಿರೂ ಹೊರಗೆ ಬರುವ ಗಾಳಿಯೂ ಒಟ್ಟಿಗೆ! ಲೋಟದ ನೀರಿಗೆ ಒಂದು ಸ್ಟ್ರಾ ಇಟ್ಟು, ಗುಳ್ಳೆ ನಿಲ್ಲದಂತೆ ಊದಿ ನೋಡಿ. ಮೂಗಿನಿಂದ ಉಸಿರೆಳೆಯುವ ಕ್ಷಣಕ್ಕೇ ಗುಳ್ಳೆ ನಿಲ್ಲುತ್ತದೆ. ಅದನ್ನು ದಾಟಿದವನಿಗೆ ಮಾತ್ರ ಪುಂಗಿ ಒಲಿಯುತ್ತದೆ.

ಬುರುಡೆಗೆ ಹಾಗಾದರೆ ಕೆಲಸವಿಲ್ಲವೇ? ದೊಡ್ಡ ಕೆಲಸವಿದೆ. ಎರಡೂ ನಾಲಿಗೆಗಳಿಗೆ ಒಂದೇ ಗಾಳಿ, ಒಂದೇ ಒತ್ತಡ ಹಂಚುವುದು ಅದು. ತುಟಿ ನಾಲಿಗೆಯನ್ನು ಮುಟ್ಟದಂತೆ ತಡೆಯುವುದೂ ಅದೇ. ಸನಾದಿ ಊದುವವನ ತುಟಿ ನಾಲಿಗೆಯ ಮೇಲೇ ಇರುವುದರಿಂದ ಸ್ವರವನ್ನು ಮೆತ್ತಗೆ ಮಾಡಬಹುದು, ಜಾರಿಸಬಹುದು, ಥಟ್ಟನೆ ನಿಲ್ಲಿಸಬಹುದು. 1977ರ ‘ಸನಾದಿ ಅಪ್ಪಣ್ಣ’ ಚಿತ್ರದಲ್ಲಿ ಬಿಸ್ಮಿಲ್ಲಾ ಖಾನರ ಶಹನಾಯಿ ಕೇಳಿದವರಿಗೆ ತುಟಿಯ ಆ ಕಸುಬು ಗೊತ್ತು. ಪುಂಗಿಯಲ್ಲೂ ಬ್ಯಾಗ್‌ಪೈಪಿನಲ್ಲೂ ತುಟಿಗೆ ಆ ಅಧಿಕಾರವಿಲ್ಲ. ಒಂದೇ ಸ್ವರವನ್ನು ಎರಡು ಸಲ ನುಡಿಸಬೇಕಾದರೆ ನಡುವೆ ಬೆರಳು ಮಿಡಿದು ಬೇರೊಂದು ಸ್ವರ ಸೋಕಿಸಿ ಬರಬೇಕು. ಕೇಳುವವರಿಗೆ ಅಲಂಕಾರವಾಗಿ ತೋರುವ ಆ ಮಿಡಿತಗಳು ವಾದಕನಿಗೆ ಅನಿವಾರ್ಯ.

ಪುಂಗಿಯನ್ನು ಹಾವಿಗೆ ಮಾತ್ರ ಗಂಟು ಹಾಕುವುದು ಸರಿಯಲ್ಲ. ಯಕ್ಷಗಾನದಲ್ಲಿ ಹಿಂದೆ ಶ್ರುತಿ ಹಿಡಿಯಲು ಬಳಸುತ್ತಿದ್ದದ್ದು ಪುಂಗಿಯೇ. ಹಾರ್ಮೋನಿಯಂ ಬಂದದ್ದು ಆಮೇಲೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಾವು ಹಿಡಿದು ಆಡಿಸುವುದನ್ನು ತಡೆಯಿತು. ಅದು ಹಾವಿಗೆ ಆಗಬೇಕಾದದ್ದೇ. ಕಾಯ್ದೆ ವಾದ್ಯವನ್ನು ನಿಷೇಧಿಸಲಿಲ್ಲ, ಆದರೆ ಬುಟ್ಟಿ ಕೆಳಗಿಟ್ಟವರು ಪುಂಗಿಯನ್ನೂ ಕೆಳಗಿಟ್ಟರು.

ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಆಳಂದ ತಾಲೂಕಿನಲ್ಲೇ. ಅಲ್ಲಿಯ ವಿದ್ಯಾರ್ಥಿಗಳೂ, ಈ ಮೂರು ತಾಲೂಕಿನ ಶಾಲಾ ಮಾಸ್ತರರೂ ಭೀಮಾ ದಂಡೆಯ ಊರುಗಳಲ್ಲಿ ಪುಂಗಿ ಕಟ್ಟಲು ಬಲ್ಲ ಹಿರಿಯರನ್ನು ಹುಡುಕಬೇಕು. ಕೊಳವೆಯ ಉದ್ದ, ತೂತುಗಳ ಅಂತರ, ನಾಲಿಗೆ ಸೀಳುವ ಬಗೆ, ಮೇಣ ಹದ ಮಾಡುವ ರೀತಿ ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ಕೆನ್ನೆಯ ಉಸಿರಾಟವನ್ನು ಮೊಬೈಲಿನಲ್ಲಿ ಹತ್ತಿರದಿಂದ ಚಿತ್ರಿಸಿಕೊಳ್ಳಿ. ಸಾಧ್ಯವಾದರೆ ಅವರ ಎದುರು ಕೂತು ಕಲಿಯಿರಿ.