ಮಣೆಯ ಮೇಲೆ ನಿಂತ ಅಮ್ಮ

ನಮ್ಮ ಹಳೆಯ ಮನೆಯ ಅಡುಗೆಕಟ್ಟೆಯ ಮುಂದೆ ಸದಾ ಒಂದು ಮಣೆ ಇರುತ್ತಿತ್ತು. ಅಮ್ಮ ಅದರ ಮೇಲೆ ನಿಂತು ಮುದ್ದೆ ತಿರುವುತ್ತಿದ್ದಳು. ಕಟ್ಟೆ ಅವಳ ಮೊಣಕೈಯನ್ನೂ ಮೀರಿತ್ತು. ಮಣೆಯಿಲ್ಲದಿದ್ದರೆ ಹೆಗಲೆತ್ತಿಯೇ ಕೋಲಾಡಿಸಬೇಕು. ಅಮ್ಮ ಕುಳ್ಳಿ, ಅದಕ್ಕೇ ಹೀಗೆ ಅಂದುಕೊಂಡಿದ್ದೆವು. ಕಟ್ಟೆಯೇ ತಪ್ಪಿರಬಹುದೆಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಕಟ್ಟಡ ಮನುಷ್ಯನ ಮೈಗೆ ಒಪ್ಪಬೇಕೆಂದು ಹಟ ಹಿಡಿದವರಲ್ಲಿ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ದೊಡ್ಡ ಹೆಸರು. ಎರಡನೇ ಮಹಾಯುದ್ಧ ಇನ್ನೂ ಮುಗಿಯದಿದ್ದ 1943ರಲ್ಲಿ ಆತ ಕೈಯೆತ್ತಿ ನಿಂತ ಗಂಡಸೊಬ್ಬನ ಆಕೃತಿಯಿಂದ ಅಳತೆಪಟ್ಟಿಯೊಂದನ್ನು ರೂಪಿಸಲು ತೊಡಗಿದ. ಅದೇ ‘ಮಾಡ್ಯುಲರ್’. ಮೊದಲು ಆ ಗಂಡಸಿನ ಎತ್ತರ 175 ಸೆಂ.ಮೀ. ಇತ್ತು. ಆಮೇಲೆ ಅದು 183ಕ್ಕೆ, ಅಂದರೆ ಆರಡಿಗೆ ಏರಿತು. ಅಡಿ-ಇಂಚಿನ ಲೆಕ್ಕಕ್ಕೆ ಅದು ಚೆನ್ನಾಗಿ ಕೂರುತ್ತಿತ್ತು, ನಿಜ. ಆದರೆ ಆ ಬದಲಾವಣೆಯ ಹಿಂದೆ ಇನ್ನೊಂದು ಮಾತೂ ಇತ್ತು: ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳಲ್ಲಿ ಪೊಲೀಸರಂಥ ಸುಂದರ ಗಂಡಸರು ಯಾವಾಗಲೂ ಆರಡಿ ಇರುತ್ತಾರಂತೆ! ಎತ್ತಿದ ಕೈ 226 ಸೆಂ.ಮೀ., ಹೊಕ್ಕುಳು 113. ಮಾರ್ಸೇಲ್ ನಗರದ ದೊಡ್ಡ ವಸತಿ ಸಂಕೀರ್ಣ ಎದ್ದದ್ದು ಈ ಅಳತೆಯಲ್ಲೇ. ಅದೇ ಪಟ್ಟಿ ನಮ್ಮ ಚಂಡೀಗಡಕ್ಕೂ ಬಂತು. ಕಾದಂಬರಿಯ ಪೊಲೀಸನ ಎತ್ತರ ಪಂಜಾಬಿನ ಕಟ್ಟಡಗಳವರೆಗೆ ನಡೆದುಬಂದದ್ದು ನನಗೆ ಇಂದಿಗೂ ಜೀರ್ಣವಾಗದ ಸಂಗತಿ. ಆ ಪಟ್ಟಿಯಲ್ಲಿ ಒಬ್ಬ ಹೆಂಗಸಿಗೂ ಜಾಗವಿರಲಿಲ್ಲ.

ಹಾಗಾದರೆ ಎಲ್ಲರ ಸರಾಸರಿ ತೆಗೆದರೆ ಸರಿಹೋಗುತ್ತದೆಯೇ? ಅಮೆರಿಕದ ವಾಯುಪಡೆ ಹಾಗೇ ನಂಬಿ, ಪೈಲಟ್‌ಗಳ ಸರಾಸರಿ ಅಳತೆಗೆ ಕಾಕ್‌ಪಿಟ್ ಕಟ್ಟಿತ್ತು. 1950ರ ಹೊತ್ತಿಗೆ ಅದರ ಸಂಶೋಧಕ ಗಿಲ್ಬರ್ಟ್ ಡೇನಿಯಲ್ಸ್‌ಗೆ ಅನುಮಾನ ಬಂತು. 4,063 ಪೈಲಟ್‌ಗಳ ಅಳತೆಗಳಿಂದ ಎತ್ತರ, ಎದೆಸುತ್ತು ಮೊದಲಾದ 10 ಅಳತೆಗಳನ್ನು ಆರಿಸಿಕೊಂಡ. ನಡುವಿನ ಶೇ 30ರೊಳಗೆ ಬಂದವರನ್ನೆಲ್ಲ ‘ಸರಾಸರಿ’ ಎಂದೇ ಉದಾರವಾಗಿ ಎಣಿಸಿದ. ಹತ್ತೂ ಅಳತೆಯಲ್ಲಿ ಸರಾಸರಿಯಾಗಿದ್ದವರು ಎಷ್ಟು ಮಂದಿ? ಸೊನ್ನೆ. ಒಬ್ಬನ ತೋಳು ಉದ್ದ, ಕಾಲು ಗಿಡ್ಡ. ಇನ್ನೊಬ್ಬನ ಎದೆ ಅಗಲ, ಸೊಂಟ ಸಣ್ಣದು. ಆಮೇಲೆ ವಾಯುಪಡೆ ಹಿಂದೆ-ಮುಂದೆ ಸರಿಯುವ ಸೀಟು, ಹೊಂದಿಸಬಹುದಾದ ಪೆಡಲ್, ಹೆಲ್ಮೆಟ್ ಪಟ್ಟಿಗಳತ್ತ ಹೊರಳಿತು.

ಇವೆಲ್ಲ ಹೊರಗಿನವರ ಮೈಯ ಲೆಕ್ಕ. ನಮ್ಮವರ ಮಾತಿಗೆ ಬಂದರೆ, ಭಾರತೀಯರ ಮೈಯಳತೆಗಳ ಪುಸ್ತಕವನ್ನು ದೇಬ್‌ಕುಮಾರ್ ಚಕ್ರವರ್ತಿಯವರು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಿಂದ ಹೊರತಂದದ್ದು 1997ರಲ್ಲಿ.

ಆದರೂ ನಾವು ಹೊಸ ಮನೆ ಕಟ್ಟಿಸುವಾಗ ಮೇಸ್ತ್ರಿ ಅಡುಗೆಕಟ್ಟೆಗೆಂದು ಎಂದಿನ ಎತ್ತರಕ್ಕೆ ಗೋಡೆಯ ಮೇಲೆ ಗೆರೆ ಎಳೆದಿದ್ದ. ನಾನು ಅಮ್ಮನನ್ನು ಕರೆದು ಗೋಡೆಗೆ ನಿಲ್ಲಿಸಿ, ಅವಳ ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ ಗುರುತು ಹಾಕಿದೆ. ‘ಅತ್ತಿಗೆ ಬಗ್ಗಬೇಕಾಗುತ್ತಲ್ಲೋ,’ ಎಂದಳು ಅಮ್ಮ. ಅತ್ತಿಗೆ ಅವಳಿಗಿಂತ ಒಂದು ಗೇಣು ಎತ್ತರ. ಮೇಸ್ತ್ರಿ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ಕಲ್ಲನ್ನು ಎರಡು ತುಂಡು ಮಾಡಿಸಿದ. ಒಲೆಯ ಕಡೆ ತಗ್ಗು, ಸಿಂಕಿನ ಕಡೆ ಎತ್ತರ. ಮಣೆ ಈಗ ದೇವರ ಕೋಣೆಯಲ್ಲಿದೆ, ಅಮ್ಮ ಅದರ ಮೇಲೆ ಕೂರುತ್ತಾಳೆ.