ಉಪ್ಪಿಗೂ ಬೇಲಿ ಹಾಕಿದ್ದ ಕಾಲ!

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನು ಬಂತು? ಗಾದೆ ಹಳೆಯದು, ಸಂಕಟವೂ ಹಳೆಯದೇ.

ಕಿರಾಣಿ ಅಂಗಡಿಯವರು ರಾತ್ರಿ ಬೀಗ ಹಾಕುವಾಗ ಹೊರಗೇ ಬಿಟ್ಟು ಹೋಗುತ್ತಿದ್ದ ಮೂಟೆ ಅಂದರೆ ಉಪ್ಪಿನದು. ಕದಿಯುವವರು ಯಾರು? ಅಂಥ ಉಪ್ಪಿಗಾಗಿ ಬ್ರಿಟಿಷರು ಒಂದೇ ದೇಶದೊಳಗೆ ಮುಳ್ಳುಬೇಲಿ ಬೆಳೆಸಿದ್ದರು ಅಂದರೆ ನಂಬ್ತೀರಾ? ನಂಬಲೇಬೇಕು.

ಲೆಕ್ಕ ನೋಡಿ. 1870ರ ಆಸುಪಾಸಿನಲ್ಲಿ ಒಂದು ಸರ್ಕಾರಿ ಮಣ, ಅಂದರೆ ಸುಮಾರು 37 ಕಿಲೋ ಉಪ್ಪಿಗೆ ಬಂಗಾಳದಲ್ಲಿ ತೆರಿಗೆ 3 ರೂಪಾಯಿ 4 ಆಣೆ. ಉತ್ತರ ಭಾರತದಲ್ಲಿ 3 ರೂಪಾಯಿ. ಮುಂಬಯಿ, ಮದರಾಸು ಪ್ರಾಂತಗಳಲ್ಲಿ ಬರೀ 1 ರೂಪಾಯಿ 13 ಆಣೆ. ಧಾರವಾಡ, ಕಾರವಾರ ಆಗ ಮುಂಬಯಿಗೆ ಸೇರಿದ್ದವು. ಮಂಗಳೂರು, ಬಳ್ಳಾರಿ ಮದರಾಸಿಗೆ.

ಅಗ್ಗದ ಕಡೆಯಿಂದ ತುಟ್ಟಿಯ ಕಡೆಗೆ ಮಾಲು ಹರಿಯೋದು ವ್ಯಾಪಾರದ ಗುಣ. ಅದನ್ನು ತಡೆಯಲು ಸಿಂಧೂ ನದಿಯಿಂದ ಮಹಾನದಿವರೆಗೆ ಸುಮಾರು 2,300 ಮೈಲಿ ಸುಂಕದ ಗಡಿ! ಬಹಳ ಕಡೆ ಜಾಲಿ, ಪಾಪಾಸುಕಳ್ಳಿಯ ಬೇಲಿ. ಕಾವಲಿಗೆ ಹತ್ತಿರ ಹತ್ತಿರ 12 ಸಾವಿರ ಜನ.

ರಾಜಸ್ಥಾನದ ಸಾಂಭರ್ ಸರೋವರದ ಉಪ್ಪು ಸರ್ಕಾರದ ಕೈಗೆ ಬಂದ ಮೇಲೆ ಬುಡದಲ್ಲೇ ತೆರಿಗೆ ಕೀಳುವುದು ಸುಲಭವಾಯಿತು. 1879ರ ಏಪ್ರಿಲ್ 1ರಂದು ಗಡಿ ರದ್ದು.

ಒಳ್ಳೇದೇ ಆಯ್ತಲ್ಲ ಅಂತೀರಾ? ತಡೀರಿ. ದರ ಸಮ ಮಾಡುವಾಗ ಬಂಗಾಳಕ್ಕೆ ಸ್ವಲ್ಪ ಇಳಿಸಿ, ಮುಂಬಯಿ-ಮದರಾಸಿಗೆ 2 ರೂಪಾಯಿ 8 ಆಣೆಗೆ ಏರಿಸಿದರು. ಅದೂ ಯಾವಾಗ? 1876-78ರ ಮಹಾ ಬರಗಾಲದ ದಿನಗಳಲ್ಲಿ! ಗಂಜಿಗೆ ಗತಿಯಿಲ್ಲದವನಿಗೆ ಉಪ್ಪೂ ತುಟ್ಟಿ. 1882ರಲ್ಲಿ 2 ರೂಪಾಯಿಗೆ ಇಳಿಸಿದರೂ ನಮ್ಮ ಕಡೆಗೆ ಹಳೆಯ ದರಕ್ಕಿಂತ 3 ಆಣೆ ಹೆಚ್ಚೇ.

ಸ್ವಾತಂತ್ರ್ಯ ಬಂದರೂ ಊರ ಬಾಗಿಲಿನ ಆಕ್ಟ್ರಾಯ್ ನಾಕಾ ಕೂಡಲೇ ಏಳಲಿಲ್ಲ. ಕರ್ನಾಟಕದಲ್ಲಿ 1979ರಲ್ಲಿ ಅದು ಹೋಗಿ ಪ್ರವೇಶ ತೆರಿಗೆ ಬಂತು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದಾಗ ಅದೂ ಅದರೊಳಗೆ ಕರಗಿತು. ಉಪ್ಪಿಗಂತೂ ಈಗ ಜಿ.ಎಸ್.ಟಿ. ಇಲ್ಲ.

ಆದರೆ ಬಸ್ಸಿನ ಟ್ಯಾಂಕಿಗೆ ಬೀಳುವ ಡೀಸೆಲ್ಲು? ಅದು ಜಿ.ಎಸ್.ಟಿ.ಯಿಂದ ಹೊರಗೇ. ಒಂದೊಂದು ರಾಜ್ಯಕ್ಕೆ ಒಂದೊಂದು ತೆರಿಗೆ. ಲಾರಿ ಗಡಿಯ ಯಾವ ಕಡೆ ನಿಂತು ಟ್ಯಾಂಕು ತುಂಬಿಸುತ್ತೆ ಅಂತ ಬಂಕಿನವರನ್ನೇ ಕೇಳಿ.

ದೇಶಕ್ಕೆಲ್ಲ ಒಂದೇ ದರ ಇರಲಿ ಅನ್ನುವ ಮಾತು ನ್ಯಾಯವೇ. ಆದರೆ ಏರಿಸಿ ಸಮವೋ, ಇಳಿಸಿ ಸಮವೋ? ಅಂಗಡಿಯವರೂ ಬಸ್ಸಿನ ಟಿಕೆಟ್ ಕೊಳ್ಳುವವರೂ ಮೊದಲು ಕೇಳಬೇಕಾದ್ದು ಅದನ್ನೇ.