ಸಣ್ಣ ಸೈನ್ಯ ದೊಡ್ಡ ಸೈನ್ಯವನ್ನು ಸೋಲಿಸೋದು ಹೇಗೆ?



ನಮ್ಮಲ್ಲಿ ಕೆಲವರು ಅಣ್ಣನ ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ‘ರೋಮ್: ಟೋಟಲ್ ವಾರ್’ ಎಂಬ ಯುದ್ಧದ ಆಟ ಆಡಿದ್ದೀರಿ. ಆಡದವರಿಗಾಗಿ ಎರಡು ಮಾತು. ಇಂಗ್ಲೆಂಡಿನ ಕ್ರಿಯೇಟಿವ್ ಅಸೆಂಬ್ಲಿ ಎಂಬ ಕಂಪನಿಯ ಈ ಆಟ 2004ರಲ್ಲಿ ಬಂತು. ಎರಡು ಸಾವಿರ ವರ್ಷಗಳ ಹಿಂದಿನ ರೋಮ್, ಕಾರ್ತೇಜ್, ಗ್ರೀಸ್ ಮುಂತಾದ ರಾಜ್ಯಗಳ ಸೈನ್ಯವನ್ನು ಇದರಲ್ಲಿ ನಾವೇ ನಡೆಸಬೇಕು. ಒಂದು ಸೈನ್ಯದಲ್ಲಿ ಹೆಚ್ಚೆಂದರೆ 20 ದಳ. ಶತ್ರುವಿನ ಎರಡು ಸೈನ್ಯ ಒಟ್ಟಿಗೆ ಬಂದರೆ 40 ದಳ! ಅದನ್ನು ಕಂಡ ಕೂಡಲೇ "ಇದು ಸೋತ ಹಾಗೇ ಬಿಡೋ" ಅಂತ ಆಟ ಮುಚ್ಚಿಬಿಡುವವರೇ ಹೆಚ್ಚು. ಮುಚ್ಚಬೇಡಿ ಅಂತ ಹೇಳೋದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸಾವಿರ ಜನ ಬಂದರೂ ಸಾವಿರ ಜನ ಒಟ್ಟಿಗೆ ಹೊಡೆದಾಡಲು ಆಗುವುದಿಲ್ಲ. ಸಂಜೆ ಗಂಟೆ ಹೊಡೆದಾಗ ನಮ್ಮ ಕ್ಲಾಸಿನ ಬಾಗಿಲು ನೋಡಿ. ಒಳಗೆ ನಲವತ್ತು ಜನ ತಳ್ಳುತ್ತಿದ್ದರೂ ಒಂದು ಸಲಕ್ಕೆ ಹೊರಗೆ ಬರೋದು ಇಬ್ಬರೇ. ಯುದ್ಧದಲ್ಲೂ ಹಾಗೇ, ಕತ್ತಿ ತಾಗುವುದು ಮುಂದಿನ ಸಾಲಿನವರಿಗೆ ಮಾತ್ರ. ಹಿಂದಿನವರು ಸುಮ್ಮನೆ ನಿಂತಿರುತ್ತಾರೆ. ಆದ್ದರಿಂದ ಸೈನ್ಯ ಕಡಿಮೆ ಇದ್ದವರು ಬಾಗಿಲಿನಂಥ ಜಾಗ ಹುಡುಕಬೇಕು. ಆಟದಲ್ಲಿ ಸೇತುವೆಗಿಂತ ಒಳ್ಳೆಯ ಬಾಗಿಲು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಉದ್ದ ಈಟಿ ಹಿಡಿದು ಒತ್ತೊತ್ತಾಗಿ ನಿಲ್ಲುವ ಗ್ರೀಕ್ ಕಾಲಾಳುಗಳನ್ನು ಸೇತುವೆಯ ನಮ್ಮ ಕಡೆಯ ತುದಿಯಲ್ಲಿ ಕುದುರೆ ಲಾಳದ ಆಕಾರಕ್ಕೆ ನಿಲ್ಲಿಸಿ. ಈ ವ್ಯೂಹಕ್ಕೆ ಫ್ಯಾಲಂಕ್ಸ್ ಅಂತ ಹೆಸರು. ಎದುರಿನಿಂದ ಬಂದ ಕುದುರೆ ಸವಾರರೂ ಈಟಿಗೆ ಸಿಕ್ಕಿ ಸಾಯುತ್ತಾರೆ. ಆದರೆ ಪಕ್ಕದಿಂದಲೋ ಬೆನ್ನಿನಿಂದಲೋ ಬಂದರೆ ಮುಗೀತು. ಆ ಈಟಿ ತಿರುಗಿಸೋಕೆ ಆಗಲ್ಲ. (ಆನೆಗಳನ್ನು ಮಾತ್ರ ನಂಬಬೇಡಿ. ಹೆದರಿದರೆ ನಮ್ಮವರನ್ನೇ ತುಳಿಯುತ್ತವೆ!)

ಸೇತುವೆ ಇಲ್ಲದ ಬಯಲಿನಲ್ಲಿ ಏನ್ ಮಾಡೋದು? ಅಲ್ಲಿ ಶತ್ರುವನ್ನು ಕೊಲ್ಲುವುದಕ್ಕಿಂತ ಹೆದರಿಸುವುದು ಮುಖ್ಯ. ಆಟದಲ್ಲಿ ಪ್ರತಿ ದಳಕ್ಕೂ ಧೈರ್ಯದ ಲೆಕ್ಕ ಇದೆ. ದಣಿವು, ಸೇನಾಪತಿಯ ಸಾವು, ಪಕ್ಕದ ದಳದ ಓಟ, ಬೆನ್ನಿಗೆ ಬಿದ್ದ ಪೆಟ್ಟು, ಇವೆಲ್ಲ ಸೇರಿದರೆ ಬಾವುಟ ಬೆಳ್ಳಗಾಗಿ ದಳ ಓಡಲು ಶುರು ಮಾಡುತ್ತದೆ. ಅರ್ಧಕ್ಕಿಂತ ಹೆಚ್ಚು ಜನ ಬದುಕಿದ್ದರೂ ಓಡುತ್ತದೆ. ಅದಕ್ಕೇ ಕುದುರೆ ದಳವನ್ನು ಮೊದಲೇ ಖರ್ಚು ಮಾಡಬಾರದು. ನಡುವಿನ ಕಾಲಾಳುಗಳು ಶತ್ರುವನ್ನು ಹಿಡಿದಿಟ್ಟುಕೊಂಡಿರುವಾಗ ಸುತ್ತು ಹಾಕಿ ಬೆನ್ನಿಗೆ ನುಗ್ಗಿಸಬೇಕು.

ಇದು ಕಂಪ್ಯೂಟರಿನವರು ಕಟ್ಟಿದ ಕಥೆಯಲ್ಲ. ಕ್ರಿ.ಪೂ. 216ರಲ್ಲಿ ದಕ್ಷಿಣ ಇಟಲಿಯ ಕ್ಯಾನೇ ಎಂಬಲ್ಲಿ ನಿಜವಾಗಿ ನಡೆದದ್ದು. ಕಾರ್ತೇಜಿನ ಸೇನಾಪತಿ ಹ್ಯಾನಿಬಲ್ ಹತ್ತಿರ ಸುಮಾರು 40,000 ಕಾಲಾಳು, 10,000 ಕುದುರೆ ಸವಾರರು. ರೋಮನ್ನರ ಕಾಲಾಳುಗಳೇ ಸುಮಾರು 80,000 ಎಂದು ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಬರೆದಿದ್ದಾನೆ. ಹ್ಯಾನಿಬಲ್ ನಡುವಿನ ಸಾಲನ್ನು ಬಿಲ್ಲಿನಂತೆ ಮುಂದಕ್ಕೆ ಬಾಗಿಸಿ ನಿಲ್ಲಿಸಿದ. ರೋಮನ್ನರು ತಳ್ಳಿದಂತೆಲ್ಲ ಆ ಸಾಲು ಹಿಂದೆ ಸರಿಯಿತು. ಗೆದ್ದೆವು ಅಂದುಕೊಂಡು ಅವರು ಒಳಗೆ ನುಗ್ಗುತ್ತಾ ಬಂದರು. ಆಗ ಎರಡೂ ಪಕ್ಕದಲ್ಲಿ ಕಾದಿದ್ದ ಆಫ್ರಿಕಾದ ಕಾಲಾಳುಗಳು ಒಳಕ್ಕೆ ತಿರುಗಿದರು. ಅಷ್ಟರಲ್ಲಿ ಹ್ಯಾನಿಬಲ್‌ನ ಸವಾರರು ರೋಮಿನ ಸವಾರರನ್ನು ಓಡಿಸಿ ಹಿಂದಿನಿಂದ ಬಂದರು. ನಾಲ್ಕೂ ಕಡೆ ಗೋಡೆ! ಒಳಗಿದ್ದ ರೋಮನ್ನರಿಗೆ ಓಡಲೂ ದಾರಿಯಿಲ್ಲ, ಹಿಂದಿನ ಸಾಲಿನವರಿಗೆ ಕತ್ತಿ ಬೀಸಲೂ ಜಾಗವಿಲ್ಲ. ಸತ್ತವರು ಸುಮಾರು 48,000 ಎಂದು ರೋಮಿನ ಇತಿಹಾಸಕಾರ ಲಿವಿ ಹೇಳುತ್ತಾನೆ. ಪಾಲಿಬಿಯಸ್ ಇನ್ನೂ ಹೆಚ್ಚು ಹೇಳುತ್ತಾನೆ.

ಹ್ಯಾನಿಬಲ್ ಕಡೆ ಸತ್ತವರು ಪಾಲಿಬಿಯಸ್ ಲೆಕ್ಕದಲ್ಲಿ 5,700. ಅದರಲ್ಲಿ 4,000 ಜನ ಗಾಲ್ ಜನಾಂಗದವರು. ನಡುವಿನಲ್ಲಿ ನಿಂತು ಹಿಂದೆ ಸರಿಯುತ್ತಾ ಹೊಡೆತ ತಿಂದವರಲ್ಲಿ ಹೆಚ್ಚಿನವರು ಇವರೇ. ಪಾಠದಲ್ಲಿ ಹ್ಯಾನಿಬಲ್ ಹೆಸರು ಬರುತ್ತದೆ, ಇವರದ್ದು ಬರೋದಿಲ್ಲ. ಈ ಸಾಲು ಪೂರ್ತಿ ಮುರಿದಿದ್ದರೆ ಕುದುರೆಗಳು ಬರುವ ಮೊದಲೇ ಯುದ್ಧ ಮುಗಿದಿರುತ್ತಿತ್ತು. ಆಟದಲ್ಲೂ ಗೆದ್ದ ಮೇಲೆ ಒಂದು ಪಟ್ಟಿ ಬರುತ್ತದಲ್ಲ, ಅದರಲ್ಲಿ ನಡುವಿನ ದಳದಲ್ಲಿ ಎಷ್ಟು ಜನ ಉಳಿದರು ಅಂತ ನೋಡಿ. ಆ ದಳವನ್ನು ಮುಂದಿನ ಯುದ್ಧಕ್ಕೆ ಹಾಗೇ ಒಯ್ಯಬೇಡಿ. ಊರಿಗೆ ವಾಪಸ್ ತಂದು ಹೊಸಬರನ್ನು ತುಂಬಿಸಿ.

ಹ್ಯಾನಿಬಲ್‌ಗೆ ಅದೇ ಕಷ್ಟವಾಯಿತು. ಅವನ ಊರು ಸಮುದ್ರದ ಆಚೆ ಆಫ್ರಿಕಾದಲ್ಲಿ, ಸಾಕಷ್ಟು ಸೈನಿಕರು ಅಲ್ಲಿಂದ ಬರಲಿಲ್ಲ. ರೋಮ್ ಮಾತ್ರ ಶರಣಾಗದೆ ಮತ್ತೆ ಮತ್ತೆ ಹೊಸ ಸೈನ್ಯ ಕಟ್ಟಿತು. ಕೊನೆಗೆ ಕ್ರಿ.ಪೂ. 202ರಲ್ಲಿ ಜಾಮಾ ಎಂಬಲ್ಲಿ ಹ್ಯಾನಿಬಲ್ ಸೋತ. ಆವತ್ತು ಬೆನ್ನ ಹಿಂದಿನಿಂದ ಬಂದ ಕುದುರೆಗಳು ರೋಮಿನ ಕಡೆಯವು.